ಎರಡು ತಳದ ಲಾರಿಯಲ್ಲಿ ಅವ್ವನ ಜಾಗ

ಓದುವ ಎಲ್ಲರಿಗೂ ಶರಣು. ಮೊದಲೇ ಹೇಳಿಬಿಡುತ್ತೇನೆ, ನಾನು ಶಾಲೆಗೆ ಹೋದದ್ದು ತಡವಾಗಿ. ನನ್ನ ವಾರಿಗೆಯವರು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಹೊತ್ತಿಗೆ ನಾನು ಚಿಗುರುಮೀಸೆ ಹೊತ್ತುಕೊಂಡು ಎರಡನೇ ಇಯತ್ತೆಯ ಹಾಸಿನ ಮೇಲೆ ಕೂತಿದ್ದೆ. ಹೀಗಾಗಿ ಒತ್ತಕ್ಷರ ಕಂಡರೆ ಇವತ್ತಿಗೂ ಕೈ ನಿಲ್ಲುತ್ತದೆ. ಇದನ್ನು ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. 'ಶ' ಹುಡುಕುವುದರೊಳಗೆ 'ಷ' ಬಂದು ಕೂತಿರುತ್ತದೆ. ತಪ್ಪು ಕಂಡಲ್ಲಿ ನೀವೇ ತಿದ್ದಿಕೊಂಡು ಓದಿರಿ, ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ನಾನು ಹೇಳಹೊರಟಿದ್ದು ಗದಗಿನಿಂದ ನೇಪಾಳಕ್ಕೆ ಲಾರಿಯಲ್ಲಿ ಹೋಗುವ ತಯಾರಿಯ ಸಂಗತಿ. ಹೋಗಿ ಬಂದ ಕತೆಯಲ್ಲ, ತಯಾರಿಯ ಕತೆ ಮಾತ್ರ. ಅದನ್ನು ನೆನೆದರೆ ಈಗಲೂ ಬಾಯಲ್ಲಿ ನೀರೊಡೆದು ವಾಕರಿಕೆ ಬಂದಂತಾಗುತ್ತದೆ. ಯಾರ ಹೆಸರನ್ನೂ ಬರೆಯುವುದಿಲ್ಲ. ನಾನು, ನಮ್ಮ ಅವ್ವ, ಒಬ್ಬ ಸಾವಕಾರ, ಒಬ್ಬ ಮಾಸ್ತರ, ಒಬ್ಬ ಡ್ರೈವರ್. ಇಷ್ಟೇ ಮಂದಿ.

ಮೊದಲು ಸ್ವಲ್ಪ ಹಿಂದೆ ಹೋಗಬೇಕು. ನಾನು ಸಣ್ಣವನಿದ್ದಾಗ ಹೊರರಾಜ್ಯಕ್ಕೆ ಹೋಗಲು ನಮಗೆ ಒಂದು ಚಕ್ಕಡಿ ಸಾಕಾಗಿತ್ತು. ನಮ್ಮ ಗದಗ-ಬೆಟಗೇರಿ ಮುಂಬೈ ಸರಕಾರದ್ದು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿ ದಾಟಿ ಮೂಡಣಕ್ಕೆ ಹೋದರೆ ನಿಜಾಮನದು, ಹಮ್ಮಿಗಿಯ ಹತ್ತಿರ ಹೊಳೆ ದಾಟಿದರೆ ಮದ್ರಾಸಿನವರದು. ಎಲ್ಲ ಕಡೆ ಮಾತು ಒಂದೇ, ತಿನ್ನುವ ರೊಟ್ಟಿ ಒಂದೇ, ನಡುವೆ ಮಾತ್ರ ನಾಕಾ. ನಾಕಾ ಎಂದರೆ ಹಾದಿಗೆ ಅಡ್ಡ ಹಾಕಿದ ಒಂದು ತೊಲೆ, ಒಂದು ತಗಡಿನ ಗುಡಿಸಲು, ಕೈಯಲ್ಲಿ ಚೂಪು ಸಲಾಕಿ ಹಿಡಿದ ಒಬ್ಬ ಸಿಪಾಯಿ. ಲಡಾಯಿ ಕಾಲದಲ್ಲಿ ಕಾಳಿಗೆ ಕಂಟ್ರೋಲು ಬಂದ ಮೇಲಂತೂ ಒಂದು ಸೀಮೆಯ ಜೋಳ ಪರವಾನಗಿ ಇಲ್ಲದೆ ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ಸಿಪಾಯಿ ಆ ಸಲಾಕಿಯಿಂದ ಹುಲ್ಲು, ಹಾಸಿಗೆ, ಗಂಟು ಎಲ್ಲವನ್ನೂ ಚುಚ್ಚಿ ನೋಡುತ್ತಿದ್ದ.

ಅವ್ವನ ತವರು ಲಕ್ಷ್ಮೇಶ್ವರದ ಕಡೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡಿದ್ದ. ತವರಿನವರು ಕೊಡುವ ಜೋಳವೇ ನಮ್ಮ ಹೊಟ್ಟೆಗೆ ಆಧಾರ. ಅದನ್ನು ನಾಕಾ ದಾಟಿಸಲು ಅವ್ವ ಒಂದು ಉಪಾಯ ಮಾಡಿದ್ದಳು. ಚಕ್ಕಡಿಯಲ್ಲಿ ಜೋಳದ ಚೀಲ ಹಾಸಿ, ಮೇಲೆ ಕೌದಿ ಹಾಸಿ, ನನ್ನನ್ನು ಅದರ ಮೇಲೆ ಮಲಗಿಸುತ್ತಿದ್ದಳು. ಮುಖಕ್ಕೆ ಅರಿಸಿನ ಬಳಿದು, ಸುತ್ತಲೂ ಬೇವಿನ ತೊಪ್ಪಲು ಇಟ್ಟು, ಕಂಬಳಿ ಹೊದಿಸುತ್ತಿದ್ದಳು. ಬೇವಿನ ತೊಪ್ಪಲು ಕಂಡರೆ ಸಾಕು, ಮನೆಗೆ ಅಮ್ಮ ಬಂದಿದ್ದಾಳೆ, ಎಂದರೆ ಸಿಡುಬು ಎದ್ದಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಅಮ್ಮ ಬಂದಾಳ್ರೀ ಹುಡುಗಗ, ಮೈತುಂಬ ಎದ್ದಾವ್ರಿ" ಎಂದು ಅವ್ವ ದೂರದಿಂದಲೇ ಕೂಗುವಳು. ಸಿಪಾಯಿ ಕಾಲಲ್ಲಿಯ ಚಪ್ಪಲಿ ತೆಗೆದು, ಕೈಮುಗಿದು ತೊಲೆ ಎತ್ತುತ್ತಿದ್ದ.

ಒಂದು ಸಲ ಹೊಸ ಸಿಪಾಯಿ ಇದ್ದ. ದೂರ ನಿಂತೇ ಕೈ ಚಾಚಿ ಸಲಾಕಿ ಹಾಕಿದ. ಅದು ನನ್ನ ತೊಡೆಯ ಪಕ್ಕದಲ್ಲೇ ಚೀಲದೊಳಗೆ ಇಳಿಯಿತು. ಹಿಂದಕ್ಕೆ ಎಳೆದಾಗ ತೂತಿನಿಂದ ಜೋಳ ಸರಸರ ಸುರಿಯತೊಡಗಿತು. ಆ ಸಪ್ಪಳ ಕೇಳಿಸಬಾರದೆಂದು ಅವ್ವ ತಲೆಗೂದಲು ಬಿಚ್ಚಿ, "ಯಮ್ಮಾ, ನನ್ನ ತಾಯೀ, ನನ್ನ ಕೂಸಿನ್ನ ಚುಚ್ಚಿದ್ರಲ್ಲವ್ವಾ" ಎಂದು ಚೀರಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಸಿಪಾಯಿ ಹೆದರಿ ಬಿಟ್ಟುಬಿಟ್ಟ. ಮನೆಗೆ ಬಂದ ಮೇಲೆ ಅವ್ವ ನನಗೆ ಮೂರು ಸಲ ಮೈತೊಳೆದಳು. ಅಮ್ಮನ ಕಟ್ಟೆಗೆ ಮೊಸರನ್ನದ ಎಡೆ ಹಿಡಿದು, ನಿನ್ನ ಹೆಸರು ಹೇಳಿ ಸುಳ್ಳು ಆಡಿದೆ ತಾಯಿ, ಇನ್ನೊಮ್ಮೆ ಆಡುವುದಿಲ್ಲ ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಆಮೇಲೆ ಜೋಳ ತರುವುದು ನಿಂತು, ನಾವು ಎಷ್ಟೋ ದಿವಸ ನವಣೆಯ ಗಂಜಿ ಕುಡಿದೆವು.

ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು, ನಾಕಾದ ತೊಲೆಗಳನ್ನು ಯಾರೋ ಕಿತ್ತು ಒಲೆಗೆ ಹಾಕಿಕೊಂಡರು. ನಾನು ಶಾಲೆಗೆ ಹೋದೆ. ಮನೆತನದ ಬಡಿಗತನವನ್ನೂ ಕಲಿತೆ. ಏಕೀಕರಣವಾದ ಆ ಚಳಿಗಾಲದಲ್ಲಿ ನಾನು ಬೆಟಗೇರಿ ಹಾದಿಯ ಒಂದು ಕಾರಖಾನೆಯಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದೆ.

ಏಕೀಕರಣದ ದಿವಸ ಪೇಟೆಯಲ್ಲಿ ಸಭೆಯಾಯಿತು. ಪೇಢೆ ಹಂಚಿದರು. ನಮ್ಮ ಓಣಿಯ ಮಾಸ್ತರ ಭಾಷಣ ಮಾಡಿದ. ಆತನ ಭಾಷಣವೆಂದರೆ ಎಲೆಅಡಿಕೆಯ ತುಂತುರು. ಮುಂದೆ ಕೂತವರು ಮುಖ ಒರೆಸಿಕೊಳ್ಳುತ್ತಲೇ ಕೇಳಬೇಕು. ಅವತ್ತು ಆತ ಹೇಳಿದ: "ನಮ್ಮ ಮಾತು ಎಲ್ಲಿಮಟ ಹೋಗೇತಿ ಗೊತ್ತೈತೇನ್ರೀ? ಹಿಮಾಲಯದ ನಡಬರಕ ನೇಪಾಳ ಐತಿ, ಅಲ್ಲಿ ಪಶುಪತಿನಾಥನ ಗುಡಿ ಐತಿ. ಆ ಗುಡಿಯೊಳಗ ಪೂಜಿ ಮಾಡವರು ಯಾರು? ನಮ್ಮ ಕಡೆಯ ಭಟ್ಟರು. ಕನ್ನಡದವರು!" ಮಂದಿ ಚಪ್ಪಾಳೆ ತಟ್ಟಿದರು.

ಹೆಂಗಸರ ಸಾಲಿನಲ್ಲಿದ್ದ ಅವ್ವ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬರುವಾಗ ಹಾದಿಯುದ್ದಕ್ಕೂ ಅದನ್ನೇ ಕೇಳಿದಳು.

"ಖರೇನ ಏನ್ ತಮ್ಮಾ? ಅಷ್ಟ ದೂರದಾಗ ಕುಂತು ಕನ್ನಡ ಮಾತಾಡ್ತಾರಾ?"

"ಮಾಸ್ತರ ಹೇಳ್ಯಾನಲ್ಲವ್ವಾ."

"ಯಾರ್ ಕೂಡ ಮಾತಾಡ್ತಾರ? ಅಲ್ಲಿ ಮಂದಿಗೆ ತಿಳಿಯಂಗಿಲ್ಲಲ್ಲ. ಪಾಪ, ಅವರಿಗೆ ಅಲ್ಲಿ ರೊಟ್ಟಿ ಎಲ್ಲಿ ಸಿಗಬೇಕು."

ಅವ್ವ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಬಿಟ್ಟು ಬೇರೆ ಊರು ಕಂಡವಳಲ್ಲ. ಅವಳಿಗೆ ಗುಡ್ಡವೆಂದರೆ ಕಪ್ಪತಗುಡ್ಡ. ಅವತ್ತಿನಿಂದ ಅವಳಿಗೆ ಒಂದೇ ಆಸೆ ಹತ್ತಿಕೊಂಡಿತು. ಆ ಭಟ್ಟರ ಮುಂದೆ ನಿಂತು, "ನಾ ಗದಗದಿಂದ ಬಂದೀನ್ರಿ" ಎಂದು ಒಂದು ಮಾತು ಆಡಿ ಬರಬೇಕು. ದೇವರನ್ನು ನೋಡುವುದು ಅದರ ಮುಂದೆ ಎರಡನೆಯದಾಗಿತ್ತು ಎಂದು ನನ್ನ ಅನಿಸಿಕೆ.

ಅದೇ ದಿವಸಗಳಲ್ಲಿ ಅರಳೆ ವ್ಯಾಪಾರದ ಸಾವಕಾರನೊಬ್ಬ ಹೊಸ ಲಾರಿಯ ಬರೇ ಅಡಿಗಟ್ಟು, ಎಂದರೆ ಗಾಲಿ-ಎಂಜಿನ್ನು ಮಾತ್ರ ಇದ್ದ ಚಾಸಿ, ತಂದು ನಮ್ಮ ಕಾರಖಾನೆಯಲ್ಲಿ ನಿಲ್ಲಿಸಿದ. ನೇಪಾಳದೊಳಗೆ ಗುಡ್ಡ ಕಡಿದು ಮೋಟಾರಿನ ಹಾದಿ ಮಾಡಿದ್ದಾರೆಂದು ಅವನಿಗೆ ಖಬರ ಸಿಕ್ಕಿತ್ತು. ಶಿವರಾತ್ರಿಗೆ ಪಶುಪತಿನಾಥಕ್ಕೆ ಯಾತ್ರೆ ಹೊರಡಿಸುತ್ತೇನೆ, ಹದಿನೆಂಟು ಮಂದಿ ಕೂಡುವಂತೆ ಬಾಡಿ ಕಟ್ಟು ಎಂದ. ನಾನು ಕೂಲಿ ಬೇಡವೆಂದೆ. "ನಮ್ಮ ಅವ್ವಗ ಒಂದು ಜಾಗ ಕೊಡ್ರಿ, ಅಷ್ಟ ಸಾಕು" ಎಂದೆ.

"ಅಷ್ಟ ಹೌದಿಲ್ಲೋ? ಆತು ತಗೋ. ನಿಮ್ಮವ್ವ ನಮ್ಮವ್ವ ಇದ್ದಂಗ" ಎಂದು ಸಾವಕಾರ ನನ್ನ ಬೆನ್ನ ಮೇಲೆ ಕೈ ಇಟ್ಟ. ಆ ಕೈಯ ಬೆವರು ಅಂಗಿಯೊಳಗೆ ಇಳಿಯಿತು.

ಅವ್ವನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಗುರೆಳ್ಳು ಹುರಿಯುತ್ತ ಕೂತಿದ್ದಳು.

"ಇನ್ನೂ ಮೂರು ತಿಂಗಳ ಐತಲ್ಲವ್ವಾ."

"ಚಟ್ನಿ ಕೆಡಂಗಿಲ್ಲ. ಭಟ್ಟರಿಗೆ ನಾಕ್ ರೊಟ್ಟಿ, ಇಷ್ಟ ಚಟ್ನಿ ಒಯ್ತೀನಿ."

"ನಮ್ಮ ಕೈಯಾಂದು ಅವರು ಮುಟ್ಟತಾರೇನ?"

"ಮುಟ್ಟಲಿ ಬಿಡಲಿ. ವಾಸನೀನರ ನೋಡ್ತಾರಲ್ಲ."

ತಯಾರಿಯ ಸಭೆಗಳು ನಮ್ಮ ಕಾರಖಾನೆಯಲ್ಲೇ ನಡೆಯುತ್ತಿದ್ದವು. ಅರ್ಧ ಕಟ್ಟಿದ ಲಾರಿಯ ಮುಂದೆ ಹಲಗೆಯ ರಾಶಿಯ ಮೇಲೆ ಸಾವಕಾರ ಕೂಡುತ್ತಿದ್ದ. ಪಕ್ಕದಲ್ಲಿ ಮಾಸ್ತರ. ಮಾಸ್ತರ ಯಾತ್ರೆಯ ಹಾದಿ ಹೇಳುವವನು. ಅವನ ಬಳಿ ಶಾಲೆಯ ನಕಾಶೆಯ ಪುಸ್ತಕವಿತ್ತು. ಮೂರನೆಯವನು ಡ್ರೈವರ್. ಮುಂಡರಗಿಯ ಸಾಬರವನು, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಲಡಾಯಿಯಲ್ಲಿ ಬರ್ಮಾ ಗಡಿಯ ಗುಡ್ಡಗಳಲ್ಲಿ ಮಿಲ್ಟ್ರಿ ಲಾರಿ ಹೊಡೆದು ಬಂದವನು. ಗುಡ್ಡದ ಹಾದಿ ಕಂಡವನು ಅಲ್ಲಿ ಅವನೊಬ್ಬನೇ. ಅವನ ಮಾತು ಕೇಳುವವರು ಮಾತ್ರ ಯಾರೂ ಇರಲಿಲ್ಲ.

"ಬ್ರೇಕ್ ಮೊದ್ಲ ನೋಡ್ಬೇಕ್ರೀ ಸಾವಕಾರ್ರ. ಎರಡು ಟೈರ್ ಹೆಚ್ಚಿಗಿ ಬೇಕು. ಗಂಗಾ ಎಲ್ಲಿ ದಾಟೂದು ಅಂತ ಕೇಳ್ಕೋಬೇಕು" ಎಂದು ಚಾಚಾ ಹೇಳುತ್ತಿದ್ದ.

"ಅದೆಲ್ಲಾ ಹಾದ್ಯಾಗ ನೋಡ್ಕೊಂಡ್ರಾತು. ಮೊದ್ಲ ಗಡಿ ಮಾತಾಡೂಣು" ಎನ್ನುತ್ತಿದ್ದ ಸಾವಕಾರ.

ಎಲ್ಲ ಸಭೆಯೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹೋಗುವ ಹಾದಿ, ಉಣ್ಣುವ ವ್ಯವಸ್ಥೆ, ಚಳಿಗೆ ಕಂಬಳಿ, ಮುದುಕರಿಗೆ ಔಷಧಿ ಯಾವುದರ ಬಗ್ಗೆಯೂ ಎರಡು ಮಾತು ನಡೆಯಲಿಲ್ಲ. ನೇಪಾಳದಿಂದ ಏನು ತರಬೇಕು, ಅದನ್ನು ಗಡಿಯಲ್ಲಿ ಹೇಗೆ ಬಚ್ಚಿಡಬೇಕು, ಇದೇ ಚರ್ಚೆ. ಕಸ್ತೂರಿ ತರಬೇಕು. ಪರದೇಶದ ಕೈಗಡಿಯಾರ ತರಬೇಕು. ನಮ್ಮ ಕಡೆಯವರಿಗೆ ಗಡಿ ಎಂದರೆ ತಲೆಯಲ್ಲಿ ಲಕ್ಷ್ಮೇಶ್ವರದ ನಾಕಾ ಒಂದೇ ಇತ್ತು. ಅಲ್ಲಿ ಸಲಾಕಿ ಇದ್ದೇ ಇರುತ್ತದೆ, ಸಿಪಾಯಿ ಚುಚ್ಚಿಯೇ ಚುಚ್ಚುತ್ತಾನೆ, ಅವನನ್ನು ಮೋಸ ಮಾಡದೆ ದಾಟಲು ಆಗುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಆ ಗಡಿಯನ್ನು ಕಂಡವರನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ಸಾವಕಾರ ಎಲ್ಲಿಂದಲೋ ಕಸ್ತೂರಿಯ ಒಂದು ಚೂರು ತಂದ. ಅಲ್ಲಿ ಮೋಸ ಹೋಗಬಾರದು, ಇಲ್ಲೇ ವಾಸನೆ ಕಲಿತು ಹೋಗಬೇಕು ಎಂದು ಅವನ ವಿಚಾರ. ಕೂದಲು ಅಂಟಿಕೊಂಡ ಕರಿ ಚಕ್ಕೆ. ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ಮೂಗಿಗೆ ಒತ್ತಿ ಒತ್ತಿ ನೋಡಿದರು. ಮಾಸ್ತರನಿಗೆ ನೆಗಡಿಯಾಗಿತ್ತು. ಅವನು ಮೂಸಿ ಕೊಟ್ಟದ್ದನ್ನು ಸಾವಕಾರ ಮತ್ತೆ ಮೂಗಿಗೆ ಹಿಡಿದು ಕಣ್ಣು ಮುಚ್ಚಿ, "ಆಹಾ! ಘಮ ಅಂದ್ರ ಘಮ" ಎಂದ. ನನಗೆ ಸತ್ತ ಹೆಗ್ಗಣದ ನಾತ ಬಡಿಯಿತು.

ಚಾಚಾ ಒಂದೇ ಸಲ ಮೂಸಿ ತಿರುಗಿ ಕೊಟ್ಟ. "ಇದು ಆಡಿನ ಕಾಳಿಜ ಐತ್ರಿ. ಒಣಗಿಸಿ ಅತ್ತರ ಹಚ್ಯಾರ. ನಮ್ಮ ಮನಿ ಮಗ್ಗಲದಾಗ ಕಟುಗರ ಅಂಗಡಿ ಐತಿ, ಈ ವಾಸನಿ ನನಗ ಗೊತ್ತಿಲ್ಲೇನ್ರಿ?"

ಮಾಸ್ತರ ಅಲ್ಲೇ ಮೂಲೆಗೆ ಓಡಿ ಹೋಗಿ ಕಾರಿಕೊಂಡ. ಆಮೇಲೆ ತಾಸು ಹೊತ್ತು ಮೈಲಿಗೆ ಕಳೆಯುವ ಗೋಮೂತ್ರದ ಮಾತು ನಡೆಯಿತು. ನಾನು ಆ ಜಾಗಕ್ಕೆ ಕಟ್ಟಿಗೆಯ ಹೊಟ್ಟು ಸುರಿದೆ. ದೇವರ ಊರಿಗೆ ಹೊರಟವರು ಇವರು!

ಇನ್ನೊಂದು ದಿವಸ ಮಾಸ್ತರ ನಕಾಶೆಯ ಮೇಲೆ ದಾರ ಇಟ್ಟು ಹಾದಿ ಅಳೆಯುತ್ತಿದ್ದ. ಬಾಯಿ ತುಂಬ ಎಲೆಅಡಿಕೆ. "ಹುಬ್ಬಳ್ಳಿ, ಬೆಳಗಾವಿ, ಪುಣೆ, ಹಂಗ ಮ್ಯಾಲ ಮ್ಯಾಲ ಕಾಶಿ" ಎನ್ನುತ್ತ "ನೇಪಾಳ" ಎನ್ನುವಾಗ ಬಾಯಿಂದ ಒಂದು ದೊಡ್ಡ ಹನಿ ಜಾರಿ ನೇಪಾಳದ ಮೇಲೇ ಬಿತ್ತು. ಹೆಬ್ಬೆರಳಿನಿಂದ ಒರೆಸಿದ. ದೇಶವೆಲ್ಲ ಕೆಂಪಾಯಿತು. ಅವ್ವನಿಗೆ ತೋರಿಸಬೇಕೆಂದು ನಾನು ಆ ಪುಸ್ತಕವನ್ನು ಮನೆಗೆ ಒಯ್ದೆ. ಅವ್ವ ಕೈ ತೊಳೆದು ಬಂದು ಬಗ್ಗಿ ನೋಡಿದಳು.

"ನಾವ ಎಲ್ಲಿದೀವಿ?"

ತೋರಿಸಿದೆ. "ನೇಪಾಳ?" ಅದನ್ನೂ ತೋರಿಸಿದೆ.

"ಅಲ್ಲಿ ಕುಂಕಮಾ ಇಟ್ಟಾರ ನೋಡು" ಎಂದು ಆ ಕಲೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅದು ಮಾಸ್ತರನ ಎಂಜಲು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದನ್ನು ಮುಚ್ಚಿಟ್ಟರೆ ಈ ಬರವಣಿಗೆಗೆ ಅರ್ಥವಿಲ್ಲ.

ಸಾವಕಾರ ಲಾರಿಗೆ ಎರಡು ತಳ ಮಾಡು ಎಂದ. ಕೆಳಗೊಂದು ಹಲಗೆ, ಒಂದು ಗೇಣು ಸಂದು ಬಿಟ್ಟು ಮೇಲೊಂದು ಹಲಗೆ. ನೋಡಿದವರಿಗೆ ಒಂದೇ ಕಾಣಬೇಕು. ಚಾಚಾ ಬೇಡವೆಂದ. "ಮಂದಿ ಅಷ್ಟ ಮ್ಯಾಲ ಕುಂತ್ರ ತಿರುವಿನ್ಯಾಗ ಗಾಡಿ ತೂಗತೈತಿ. ಹದಿನೆಂಟು ಜೀವ ಅದಾವ" ಎಂದ. ನಾನು ಅವನ ಮಾತಿಗೆ ಕಿವಿಗೊಡಲಿಲ್ಲ. ಅವ್ವನ ಜಾಗ ಎಲ್ಲಿ ತಪ್ಪುತ್ತದೋ ಎಂದು ಉಳಿ ಹಿಡಿದು ಕೂತೆ. ಮಾಡಿದ ಕೆಲಸವೂ ಚಂದ ಬಂತು. ಹಲಗೆಗೆ ಹಲಗೆ ಕೂದಲು ಹೋಗದಂತೆ ಕೂಡಿದವು. ನನಗೆ ಒಳಗೊಳಗೆ ಅಭಿಮಾನ ಬಂದದ್ದು ಸುಳ್ಳಲ್ಲ.

ಆ ಅಭಿಮಾನದಲ್ಲೇ ಮಾತು ಜಾರಿತು. ಚಹಾ ಕುಡಿಯುತ್ತ ಕೂತಾಗ ಸಾವಕಾರ, "ಏನಲೇ ಬಡಿಗ್ಯಾ, ಈ ಕಳ್ಳ ಕೆಲಸ ಎಲ್ಲಿ ಕಲ್ತಿ?" ಎಂದು ನಗೆಯಾಡಿದ. ನಾನೂ ನಗುತ್ತ ಲಕ್ಷ್ಮೇಶ್ವರದ ನಾಕಾದ ಕತೆ ಹೇಳಿಬಿಟ್ಟೆ. ಜೋಳದ ಚೀಲ, ಅರಿಸಿನ, ಬೇವಿನ ತೊಪ್ಪಲು, ಅವ್ವನ ಚೀರಾಟ ಎಲ್ಲವನ್ನೂ ಹೇಳಿದೆ. ಅವ್ವನ ದನಿ ತೆಗೆದು ಅಣಕ ಮಾಡಿಯೂ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾಚಾ ಒಬ್ಬ ನಗಲಿಲ್ಲ. ಸಾವಕಾರ ಕಣ್ಣೊರೆಸಿಕೊಳ್ಳುತ್ತ, "ನಿಮ್ಮವ್ವ ಭಾಳ ಶಾಣೇಕಿ ಅದಾಳ ಬಿಡಲೇ" ಎಂದ.

ಎರಡು ದಿವಸ ಬಿಟ್ಟು ಬಂದು ಹೇಳಿದ: "ಎಲ್ಲಾರಿಗೂ ಕುಂಡ್ರಾಕ ಜಾಗ. ನಿಮ್ಮವ್ವಗ ಮಾತ್ರ ಮಲಗಾಕ ಜಾಗ. ನಟ್ಟ ನಡುವ ಹಾಸಿಗಿ ಹಾಕಸ್ತೀನಿ. ಅದಕ್ಕೊಂದು ಕಟ್ಟಿ ಮಾಡು."

ನನಗೆ ಆದ ಸಂತೋಷ ಹೇಳತೀರದು. ಕಾಲಿಗೆ ಬಿದ್ದೆ. ಹೌದು, ಆ ಮನುಷ್ಯನ ಕಾಲಿಗೆ ಬಿದ್ದೆ. ನೆನೆದರೆ ಹಣೆಯ ಚರ್ಮ ಸುಲಿದುಕೊಳ್ಳಬೇಕು ಅನಿಸುತ್ತದೆ.

ಹಾಸಿಗೆಯ ಅಳತೆ ಕೇಳಲು ಸಾವಕಾರನ ಮುಂದೆ ಹೋದಾಗ ಪಕ್ಕದಲ್ಲಿದ್ದ ಮಾಸ್ತರ ತಿಳಿಸಿ ಹೇಳಿದ. ಎರಡು ತಳದ ಸಂದಿಗೆ ಸಾಮಾನು ಇಳಿಸುವ ಮುಚ್ಚಳ ಎಲ್ಲಿ ಬರುತ್ತದೋ ಅದರ ಮೇಲೇ ಹಾಸಿಗೆ. "ಗಡಿ ಬಂದ ಕೂಡ್ಲೆ ಮುದುಕಿ ಮಾರಿಗೆ ಅರಿಸಿನ ಹಚ್ಚೂದು, ಸುತ್ತ ಬೇವಿನ ತೊಪ್ಪಲ ಇಡೂದು. ಅಮ್ಮ ಬಂದಾಳ ಅಂದ್ರ ಯಾವ ಸಿಪಾಯಿ ಹತ್ರ ಬರ್ತಾನ? ನಿಮ್ಮ ಮನಿ ವಿದ್ಯಾನ ಐತಿ ಇದು!" ಎಂದು ನಕ್ಕ. ಹಲ್ಲಿನ ಸಂದಿಯಲ್ಲಿ ಅಡಿಕೆಯ ಚೂರು ಕಾಣುತ್ತಿತ್ತು. "ಬೇವಿನ ಗಿಡ ಅಲ್ಲಿ ಇರತೈತೋ ಇಲ್ಲೋ, ಇಲ್ಲಿಂದನ ಒಂದು ಚೀಲ ಒಣಾ ತೊಪ್ಪಲ ಒಯ್ಯೂಣು."

"ಮತ್ತ ನಮ್ಮವ್ವ ಒಪ್ಪಬೇಕಲ್ರೀ" ಎಂದೆ.

"ಒಪ್ಪೂದೇನ ಬಂತಲೇ? ಆಕೀಗೆ ಹೊಸಾದೇನ? ನೀನ ಹೇಳಿದ್ಯಲ್ಲ" ಎಂದ ಸಾವಕಾರ.

ಕಾರಖಾನೆಯ ಹಿಂದೆ ಹೋಗಿ ನಿಂತೆ. ಅಳತೆಗೆಂದು ಒಯ್ದಿದ್ದ ಕೋಲನ್ನು ಮುರಿದು ಎಸೆದೆ. ಅವರ ಮೇಲಿನ ಹೇಸಿಗೆಯೋ ನನ್ನ ಮೇಲಿನದೋ ಇಂದಿಗೂ ಬಿಡಿಸಲಾರೆ. ಹೊಟ್ಟೆಗೆ ಇಲ್ಲದೆ ದೇವರ ಹೆಸರಲ್ಲಿ ಸುಳ್ಳು ಹೇಳಿ, ಕೆನ್ನೆ ಬಡಿದುಕೊಂಡು ಅತ್ತ ಹೆಂಗಸು ಅವಳು. ಆ ಅಳುವನ್ನು ನಾನು ಚಹಾದ ಜೊತೆ ನಗೆ ಮಾಡಿ ಹಂಚಿದ್ದೆ. ಅವರು ಅದನ್ನು ಎತ್ತಿಕೊಂಡು ಲಾರಿಯ ಮುಚ್ಚಳ ಮಾಡಿದರು.

ಮನೆಗೆ ಹೋದೆ. ಇನ್ನೂ ಬಿಸಿಲಿತ್ತು. ಅವ್ವ ಅಂಗಳದಲ್ಲಿ ಕೂತು, ಖಡಕ್ ರೊಟ್ಟಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಿದ್ದಳು. ಭಟ್ಟರಿಗೆ ನಾಲ್ಕು ಎಂದವಳು ಹಾದಿಗೂ ಸೇರಿ ಒಂದು ಗುಡ್ಡವನ್ನೇ ಮಾಡಿಟ್ಟಿದ್ದಳು. ಎಲ್ಲವನ್ನೂ ಹೇಳಿದೆ. ಕತೆ ಹೇಳಿದವನು ನಾನೇ ಎಂಬುದನ್ನೂ ಹೇಳಿದೆ. ಅಣಕ ಮಾಡಿದ್ದನ್ನು ಮಾತ್ರ ಹೇಳಲಿಲ್ಲ.

ಅವ್ವ ಕೈಯಲ್ಲಿದ್ದ ರೊಟ್ಟಿಯ ಅಂಚು ಸವರುತ್ತ ಕೇಳಿದಳು:

"ಈ ಮಲಗೂದು ಹೋಗೂಮುಂದೋ, ಬರೂಮುಂದೋ?"

"ಬರೂಮುಂದ. ಸಾಮಾನ ಅಲ್ಲಿಂದ ತರವರದಾರ."

"ಹಂಗಾರ ಹೋಗೂಮುಂದ ಕುಂತ ಹೋಗ್ತೀನಿ. ಗುಡ್ಡ ನೋಡ್ತೀನಿ. ಭಟ್ಟರ ಕೂಡ ಮಾತಾಡ್ತೀನಿ. ಆಮ್ಯಾಲೆ ಮಲಗಿ ಬರ್ತೀನಿ. ನೋಡೂದು ನೋಡಿರ್ತೀನಲ್ಲೋ ತಮ್ಮಾ."

"ಅಮ್ಮನ ಮುಂದ ಆಣಿ ಮಾಡಿದ್ಯಲ್ಲವ್ವಾ, ಇನ್ನೊಮ್ಮೆ ಹೇಳಂಗಿಲ್ಲಂತ?"

"ಅದು ನನಗೂ ಆಕೀಗೂ ಇರೂ ಮಾತು. ಮತ್ತೊಮ್ಮೆ ಎಡಿ ಹಿಡೀತೀನಿ, ಕಾಲ್ ಹಿಡೀತೀನಿ. ನಿನಗ್ಯಾಕ ಅದರ ಉಸಾಬರಿ?"

"ನೀ ಹೋಗಬ್ಯಾಡ. ಅವರ ಕಸಾ ಕಾಯಾಕ ನಮ್ಮವ್ವ ಹೆಣದಂಗ ಮಲಗೂದು ಬ್ಯಾಡ" ಎಂದು ಚೀರಿದೆ.

ಅವ್ವ ನನ್ನನ್ನು ನೋಡಿ ಮೆಲ್ಲಗೆ ಅಂದಳು: "ಮಲಗಾಕೀ ನಾನು. ನಿನಗ ಯಾಕ ನಾಚಿಕಿ?"

ಉತ್ತರವಿಲ್ಲದವನು ಸಿಟ್ಟಿಗೇಳುತ್ತಾನೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾರಖಾನೆಗೆ ಹೋಗಿ, ಹಾರೆ ಹಾಕಿ ಮೇಲಿನ ತಳವನ್ನು ಎಬ್ಬಿಸಿದೆ. ಕೂದಲು ಹೋಗದಂತೆ ಕೂಡಿಸಿದ ಹಲಗೆಗಳು ಒಂದೊಂದೇ ಸೀಳಿ ಬಂದವು. ಸಾವಕಾರ ಬರುವ ಹೊತ್ತಿಗೆ ಲಾರಿಗೆ ಒಂದೇ ತಳ ಉಳಿದಿತ್ತು, ನನ್ನ ಅಂಗೈಯಿಂದ ರಕ್ತ ಸೋರುತ್ತಿತ್ತು.

ಸಾವಕಾರ ಬೈಯಲಿಲ್ಲ. ಅವನು ಬೈದಿದ್ದರೆ ಚಲೋ ಇತ್ತು. ಸೀಳಿದ ಹಲಗೆಯನ್ನು ಕಾಲಿನಿಂದ ಸರಿಸಿ ಹೇಳಿದ: "ನಿಮ್ಮವ್ವನ ಜಾಗ ಈ ಹಲಗಿ ಮ್ಯಾಲಿತ್ತು. ಹಲಗಿ ಕಿತ್ತಿ, ಜಾಗ ಹೋತು. ನಾ ಏನ ಮಾಡ್ಲಿ?"

ಮಾಸ್ತರ ಪಕ್ಕದಲ್ಲಿ ನಿಂತು, "ಲಗೂನ ಶಾಲಿಗೆ ಹೋಗಿದ್ರ ಇಷ್ಟು ಮಡ್ಡ ಆಗತಿದ್ದಿಲ್ಲ ಇಂವಾ" ಎಂದ. ಕಾರಖಾನೆಯ ಮಾಲಕ ನನಗೆ ಅವತ್ತೇ ಕೆಲಸ ಬಿಡಿಸಿದ. ಲಾರಿಯನ್ನು ಹುಬ್ಬಳ್ಳಿಗೆ ಒಯ್ದು ಬೇರೆ ಬಡಿಗನ ಕೈಯಲ್ಲಿ ಮತ್ತೆ ಎರಡು ತಳ ಹಾಕಿಸಿದರಂತೆ. ಅವ್ವನ ಜಾಗಕ್ಕೆ ಸಾವಕಾರನ ಒಬ್ಬ ಮುದಿ ಸಂಬಂಧಿಕಳು ಹೋದಳು.

ಲಾರಿ ಹೋಗುವ ದಿವಸ ನಮ್ಮ ಓಣಿಯ ತುದಿಯಲ್ಲೇ ಹಾದು ಹೋಯಿತು. ಗಾಳಿಗೆ ಒಣ ಬೇವಿನ ವಾಸನೆ ಬಂತು. ಅವ್ವ ಬಾಗಿಲಿಗೆ ಬಂದು ನೋಡಲಿಲ್ಲ. ಭಟ್ಟರಿಗೆಂದು ಕಟ್ಟಿದ್ದ ಗಂಟು ಬಿಚ್ಚಿ, ಅವತ್ತು ಮಧ್ಯಾಹ್ನ ಆ ರೊಟ್ಟಿ, ಆ ಗುರೆಳ್ಳು ಚಟ್ನಿಯನ್ನೇ ನನ್ನ ತಾಟಿನಲ್ಲಿ ಇಟ್ಟಳು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಆ ಗುಡ್ಡ ಮುಗಿಯುವವರೆಗೆ ಅವಳು ಹೊಸ ರೊಟ್ಟಿ ತಟ್ಟಲಿಲ್ಲ, ನನ್ನ ಕೂಡ ಮಾತೂ ಆಡಲಿಲ್ಲ.

ಹೋಗಿ ಬಂದವರಲ್ಲಿ ನಮ್ಮ ಮನೆಗೆ ಬಂದವನು ಚಾಚಾ ಒಬ್ಬನೇ. ಬಾಗಿಲಲ್ಲೇ ಕೂತ. ಅವ್ವ ನೀರು ಕೊಟ್ಟಳು.

"ಬೆಳ್ಳನ ಗುಡ್ಡ ಕಂಡ್ಯೇನಪಾ?"

"ಕಂಡ್ನೇಕ್ಕಾ. ಹೊತ್ತು ಹೊಂಟ ಮ್ಯಾಲೆ ನೋಡ್ಬೇಕು. ಜ್ವಾಳದ ಹಿಟ್ಟು ಒಟ್ಟಿದಂಗ ಕಾಣತಾವು."

ಅವ್ವ ಕಣ್ಣು ಮುಚ್ಚಿದಳು. ಅದನ್ನು ಮನಸ್ಸಿನಲ್ಲಿ ನೋಡುತ್ತಿದ್ದಳು ಅಂತ ಕಾಣುತ್ತದೆ.

"ಗುಡಿಯಾಗ ಭಟ್ಟರು ಏನಂದ್ರು? ಕನ್ನಡ ಮಾತಾಡಿದ್ರಾ?"

ಚಾಚಾ ನೆಲ ನೋಡಿದ. "ನಾ ಒಳಗ ಹೋಗಾಂವಲ್ಲ ಅಕ್ಕಾ, ಗಾಡಿ ಕಾಯ್ದೆ. ಸಾವಕಾರ್ರ ಬಂದ ಮ್ಯಾಲೆ ಕೇಳಿದೆ. 'ಯಾವ ಭಟ್ಟ?' ಅಂದ್ರು. ಕೈ ಮುಗಿದು ಲಗೂನ ಪ್ಯಾಟಿಗೆ ಹ್ವಾದ್ರು, ಕಸ್ತೂರಿ ತರಾಕ. ಮಾಸ್ತರಗೂ ನೆನಪಾಗಿಲ್ಲ."

ನಾನು ತಡೆಯಲಾರದೆ ಕೇಳಿದೆ: "ಗಡಿಯಾಗ ಏನಾತು ಚಾಚಾ? ಹೆಂಗ ಚುಚ್ಚಿ ನೋಡಿದ್ರು?"

"ಯಾರು ಚುಚ್ಚತಾರ? ಒಬ್ಬ ಸಿಪಾಯಿ ಚಹಾ ಕುಡ್ಕೊಂತ ಕುಂತಿದ್ದ. 'ಎಲ್ಲಿಂದ?' ಅಂತ ಹಿಂದಿಯೊಳಗ ಕೇಳಿದ. 'ಗದಗ' ಅಂದೆ. ಅವಗ ತಿಳೀಲಿಲ್ಲ. 'ಯಾತ್ರಾ' ಅಂದೆ. ಹೋಗ್ರಿ ಅಂತ ಕೈ ಮಾಡಿದ. ಬರೂಮುಂದನೂ ಹಂಗ. ಗಾಡಿ ಹತ್ರ ಸೈತ ಬರ್ಲಿಲ್ಲ. ಆ ಮುದುಕಿ ಸುಮ್ಮನ ಮಾರಿಗೆ ಅರಿಸಿನ ಬಡಕೊಂಡು ಮಲಗಿತ್ತು."

ಅವ್ವ ಆಗ ತಲೆ ಎತ್ತಿ ನನ್ನ ಕಡೆ ನೋಡಿದಳು. ಬೈಗುಳವಿಲ್ಲ, ಅಳುವಿಲ್ಲ. "ಹಂಗಾರ ಕುಂತ ಹೋಗಿ ಕುಂತ ಬರಬಹುದಿತ್ತು" ಎಂದಳು. ಅಷ್ಟೇ. ಎದ್ದು ಹಿಟ್ಟು ನಾದಲು ಹೋದಳು. ಅವತ್ತು ಚಾಚಾನಿಗೂ ನನಗೂ ಬಿಸಿ ರೊಟ್ಟಿ ಹಾಕಿದಳು.

ಕಸ್ತೂರಿ ಏನಾಯಿತೆಂದು ಕೇಳುವವರಿದ್ದರೆ, ಅದೂ ಆಡಿನ ಕಾಳಿಜವೇ ಆಗಿತ್ತು. ಅದರಿಂದ ನನಗೆ ಸಂತೋಷವೇನೂ ಆಗಲಿಲ್ಲ. ಸಾವಕಾರನ ಮೇಲೆ, ಮಾಸ್ತರನ ಮೇಲೆ ನನ್ನ ಹೇಸಿಗೆ ಇಂದಿಗೂ ಹಾಗೇ ಇದೆ, ಅದನ್ನು ತೊಳೆದುಕೊಳ್ಳುವ ಮನಸ್ಸಿಲ್ಲ. ಆದರೆ ಹಾರೆ ಹಿಡಿದ ಆ ಬೆಳಿಗ್ಗೆ ನಾನು ಅವ್ವನ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ, ಅದನ್ನು ನೆನೆದಾಗ ಬರುವ ವಾಕರಿಕೆ ಬೇರೆ. ಹೋಗಲೋ ಬೇಡವೋ ಎಂಬುದು ಅವಳ ಮಾತಾಗಿತ್ತು. ನಾನು ಅದನ್ನು ಕೇಳಿಯೂ ಕೇಳಲಿಲ್ಲ. ಅವಳು ಕಪ್ಪತಗುಡ್ಡಕ್ಕಿಂತ ದೊಡ್ಡ ಗುಡ್ಡ ನೋಡದೆಯೇ ಹೋದಳು.

ಇಷ್ಟು ಬರೆಯಲು ನನಗೆ ಹನ್ನೊಂದು ದಿವಸ ಹಿಡಿಯಿತು. ನಿಮ್ಮ ಮನೆಗಳಲ್ಲಿಯೂ ಯಾರದೋ ಒಂದು ಪಯಣ ಹೀಗೆ ನಿಂತು ಹೋಗಿದ್ದರೆ, ನಿಲ್ಲಿಸಿದವರು ನೀವೇ ಆಗಿದ್ದರೂ ನಾಚಿಕೊಳ್ಳದೆ ಬರೆಯಿರಿ, ನಿಧಾನವಾಗಿ ಓದುತ್ತೇನೆ. ಮತ್ತೆ ನಿಮ್ಮಲ್ಲಿ ಯಾರಾದರೂ ಆ ಗುಡಿಗೆ ಹೋಗಿ, ಅಲ್ಲಿಯ ಭಟ್ಟರ ಮುಂದೆ ನಿಂತು ಕನ್ನಡದಲ್ಲಿ ಒಂದು ಮಾತು ಆಡಿದ್ದಿದ್ದರೆ, ಅವರು ತಿರುಗಿ ಏನಂದರು ಎಂಬುದನ್ನು ದಯಮಾಡಿ ಬರೆದು ತಿಳಿಸಿರಿ. ರೊಟ್ಟಿಯ ಮಾತು ಬಂದಿದ್ದರೆ ಅದನ್ನೂ ಬಿಡಬೇಡಿರಿ.